ಒಂದೇ ಗಾಳಿ, ಎರಡು ಮಳೆಗಾಲ

ಪ್ರಶ್ನೆ: ನಮ್ಮದು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿ. ಮಗಳನ್ನು ಕುಂದಾಪುರದ ಕಡೆಗೆ ಕೊಟ್ಟಿದ್ದೇವೆ. ಆಷಾಢದಲ್ಲಿ ಫೋನ್ ಮಾಡಿದರೆ ‘ಅಪ್ಪಾ, ವಾರದಿಂದ ಒಂದು ಬಟ್ಟೆ ಒಣಗಿಲ್ಲ’ ಅನ್ನುತ್ತಾಳೆ. ಅದೇ ದಿನ ನಮ್ಮಲ್ಲಿ ಮೋಡ ಓಡುತ್ತಿರುತ್ತದೆ, ಗಾಳಿ ಬೀಸುತ್ತಿರುತ್ತದೆ, ಹನಿ ಮಾತ್ರ ಬೀಳುವುದಿಲ್ಲ. ನಮಗೆ ಕೆರೆಗೆ ನೀರು ಬರುವಂಥ ಮಳೆ ಆಗುವುದು ಗಣೇಶನ ಹಬ್ಬ ಕಳೆದ ಮೇಲೆ. ಕಡಲಿಗೆ ದೂರವಾದಂತೆ ಮಳೆ ಕಡಿಮೆಯಾಗುತ್ತದೆ ಎಂಬುದು ಅರ್ಥವಾಗುತ್ತದೆ. ಆದರೆ ಮಳೆಯ ತಿಂಗಳೇ ಬೇರೆಯಾಗುವುದು ಏಕೆ? ಬೇರೆ ದೇಶಗಳಲ್ಲೂ ಹೀಗೆಯೇ?
— ಓದುಗರೊಬ್ಬರು, ಹಿರಿಯೂರು ತಾಲ್ಲೂಕು

ಉತ್ತರ: ನಿಮ್ಮ ಪ್ರಶ್ನೆಯ ಬೆಲೆ ಇರುವುದು ‘ತಿಂಗಳೇ ಬೇರೆಯಾಗುವುದು ಏಕೆ’ ಎಂಬ ಮಾತಿನಲ್ಲಿ. ಶಾಲೆಯಲ್ಲಿ ನಾವೆಲ್ಲ ಓದಿದ್ದು ಇಷ್ಟು: ಅರಬ್ಬಿ ಸಮುದ್ರದ ಮೋಡ ಘಟ್ಟಕ್ಕೆ ತಾಗಿ ಮಳೆ ಸುರಿಸುತ್ತದೆ, ಉಳಿದದ್ದು ಬಯಲುಸೀಮೆಗೆ ಬರುತ್ತದೆ, ಅದಕ್ಕೇ ಅಲ್ಲಿ ಮಳೆ ಕಡಿಮೆ. ಈ ವಿವರಣೆಯಲ್ಲಿ ಸುಳ್ಳಿಲ್ಲ, ಆದರೆ ಅರ್ಧವೇ ಇದೆ. ಬಯಲುಸೀಮೆಯದು ಕರಾವಳಿಯ ಉಳಿಕೆ ಮಳೆಯಷ್ಟೇ ಆಗಿದ್ದರೆ ನಿಮಗೂ ಜುಲೈನಲ್ಲೇ ಹೆಚ್ಚು ಮಳೆ ಬರಬೇಕಿತ್ತು, ಕುಂದಾಪುರಕ್ಕೆ ಹತ್ತು ಸೇರು ಬಿದ್ದ ದಿನ ನಿಮಗೆ ಒಂದು ಪಾವಾದರೂ ಬೀಳಬೇಕಿತ್ತು. ಹಾಗಾಗುವುದಿಲ್ಲ. ಅಲ್ಲಿ ಮಳೆ ಅತಿ ಜೋರಾಗಿರುವ ದಿನಗಳಲ್ಲೇ ಎಷ್ಟೋ ಸಲ ನಿಮ್ಮಲ್ಲಿ ನೆಲ ಒಣಗಿರುತ್ತದೆ. ನಿಮ್ಮದೂ ನಿಮ್ಮ ಮಗಳದೂ ಒಂದೇ ಮಳೆಯ ದೊಡ್ಡ ಪಾಲು, ಸಣ್ಣ ಪಾಲು ಅಲ್ಲ. ಅವು ಹುಟ್ಟುವ ರೀತಿಯೇ ಬೇರೆ. ಕರಾವಳಿಯ ಮಳೆಯನ್ನು ಮಾಡುವುದು ಗಾಳಿಯ ವೇಗ, ನಿಮ್ಮ ಮಳೆಯನ್ನು ಮಾಡುವುದು ನೆಲದ ಕಾವು. ಗಾಳಿ ಜೋರಾಗಿದ್ದಾಗ ನೆಲದ ಕಾವಿಗೆ ತನ್ನ ಕೆಲಸ ಮಾಡಲು ಆಗುವುದಿಲ್ಲ.

ಎರಡು ಊರುಗಳ ಲೆಕ್ಕ ಇಟ್ಟುಕೊಂಡರೆ ಮಾತು ಸ್ಪಷ್ಟವಾಗುತ್ತದೆ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದೇ ಹೆಚ್ಚುಕಡಿಮೆ ಅಷ್ಟು. ಜುಲೈನಲ್ಲಿ ಮಂಗಳೂರಿನ ಮಳೆ ಬೆಂಗಳೂರಿನದರ ಸುಮಾರು ಹತ್ತು ಪಟ್ಟು. ಸೆಪ್ಟೆಂಬರಿಗೆ ಬನ್ನಿ: ಮಂಗಳೂರಿನದು ಇಳಿದಿರುತ್ತದೆ, ಬೆಂಗಳೂರಿನದು 200 ಮಿ.ಮೀ. ದಾಟಿ ವರ್ಷದಲ್ಲೇ ಅತಿ ಹೆಚ್ಚಾಗಿರುತ್ತದೆ, ಅಂತರ ಎರಡು ಪಟ್ಟನ್ನೂ ಮುಟ್ಟುವುದಿಲ್ಲ. ಎರಡೂ ಊರಿನ ನಡುವೆ ದೂರ ಬದಲಾಗಿಲ್ಲ, ಘಟ್ಟ ತಗ್ಗಿಲ್ಲ. ಬದಲಾದದ್ದು ಗಾಳಿ.

ಆ ಗಾಳಿ ಬರುವ ದಾರಿ ದೀರ್ಘವಾದದ್ದು. ದಕ್ಷಿಣ ಗೋಳಾರ್ಧದ ಹಿಂದೂ ಮಹಾಸಾಗರದಿಂದ ಹೊರಟು, ಆಫ್ರಿಕಾದ ಪೂರ್ವ ಕರೆಯ ಬಳಿ ಸಮಭಾಜಕ ವೃತ್ತ ದಾಟಿ, ಸೊಮಾಲಿಯಾದ ಹತ್ತಿರ ಬಲಕ್ಕೆ ತಿರುಗಿ, ಅರಬ್ಬಿ ಸಮುದ್ರದ ಮೇಲೆ ನೇರ ನಮ್ಮತ್ತ ನುಗ್ಗುತ್ತದೆ. ನೆಲಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಇದರ ವೇಗ ಅತಿ ಹೆಚ್ಚು. ಬ್ರಿಟಿಷ್ ಹವಾಮಾನ ತಜ್ಞ ಫಿಂಡ್‌ಲೇಟರ್ 1969ರಲ್ಲಿ ಇದರ ದಾರಿಯನ್ನು ವಿವರವಾಗಿ ಗುರುತಿಸಿದ್ದರಿಂದ ಇದಕ್ಕೆ ಅವರ ಹೆಸರೇ ನಿಂತಿದೆ. ಜೂನ್ ಮೊದಲ ವಾರದಲ್ಲಿ ಇದು ನಮ್ಮ ಕರಾವಳಿಗೆ ಮುಟ್ಟುತ್ತದೆ, ಜುಲೈನಲ್ಲಿ ಪೂರ್ತಿ ಬಲಕ್ಕೆ ಏರುತ್ತದೆ. ಸಾವಿರಾರು ಕಿಲೋಮೀಟರ್ ಬೆಚ್ಚನೆಯ ಕಡಲ ಮೇಲೆ ಬೀಸಿದ ಗಾಳಿ ಹೀರಿಕೊಂಡ ನೀರು ಸಾಮಾನ್ಯವಲ್ಲ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರಾವಿ ಹಿಡಿದಿಡಬಲ್ಲದು.

ಈ ಗಾಳಿಗೆ ಅಡ್ಡ ನಿಂತಿರುವುದು ಘಟ್ಟ. ಮಂಗಳೂರು, ಕುಂದಾಪುರಗಳು ಇರುವುದು ಸಮುದ್ರಮಟ್ಟದಲ್ಲೇ, ಅಲ್ಲೇಕೆ ಅಷ್ಟು ಮಳೆ ಎಂದು ಕೇಳಬಹುದು. ಎದುರಿಗೆ ಗೋಡೆಯಂತೆ ಬೆಟ್ಟಸಾಲು ಇರುವುದರಿಂದ ಗಾಳಿ ಘಟ್ಟದ ಬುಡಕ್ಕೆ ಬರುವ ಮೊದಲೇ ನಿಧಾನವಾಗಿ, ಒತ್ತೊತ್ತಾಗಿ, ಕಡಲಂಚಿನಲ್ಲೇ ಮೇಲೇರಲು ಶುರುಮಾಡುತ್ತದೆ. ಏರಿದ ಗಾಳಿ ತಣಿಯುತ್ತದೆ, ತಣಿದ ಗಾಳಿ ನೀರಾವಿಯನ್ನು ಬಿಟ್ಟುಕೊಡುತ್ತದೆ. ಗಾಳಿ ಎಷ್ಟು ಜೋರೋ ಏರುವಿಕೆ ಅಷ್ಟು, ಮಳೆಯೂ ಅಷ್ಟು. ಇಲ್ಲಿ ಬಿಸಿಲು ಬೇಕಾಗಿಲ್ಲ, ಹಗಲು ರಾತ್ರಿಯ ಭೇದವಿಲ್ಲ. ಮೂರು ದಿನ ಸೂರ್ಯ ಕಾಣದಿದ್ದರೂ ಮಳೆ ನಿಲ್ಲುವುದಿಲ್ಲ, ಏಕೆಂದರೆ ಅದನ್ನು ನಡೆಸುತ್ತಿರುವುದು ಅಲ್ಲಿಯ ಸೂರ್ಯನಲ್ಲ. ಆರಿದ್ರೆ ಮಳೆ ಆರದೆ ಹೊಯ್ಯುತ್ತದೆ ಎಂದು ಹಿರಿಯರು ಹೇಳಿದ್ದು ಈ ಬಗೆಯ ಮಳೆಯನ್ನು ಕಂಡೇ ಇರಬೇಕು.

ಉಡುಪಿಯಿಂದ ಐವತ್ತೈದು ಕಿಲೋಮೀಟರ್ ದೂರದ ಆಗುಂಬೆಯಲ್ಲಿ ಇದು ತುದಿ ಮುಟ್ಟುತ್ತದೆ. ವರ್ಷಕ್ಕೆ 7,000 ಮಿ.ಮೀ. ಮೀರಿದ ಮಳೆ. ಅಲ್ಲಿಂದ ರಸ್ತೆಯಲ್ಲಿ ನೂರು ಕಿಲೋಮೀಟರಿಗಿಂತ ಕಡಿಮೆ ದೂರದ ಶಿವಮೊಗ್ಗಕ್ಕೆ ಬಂದರೆ ಅದು ಸಾವಿರದ ಆಸುಪಾಸಿಗೆ ಕುಸಿದಿರುತ್ತದೆ. ಇನ್ನೂ ಮೂಡಣಕ್ಕೆ, ಹಿರಿಯೂರು–ಚಳ್ಳಕೆರೆಗೆ ಬಂದರೆ 500 ಮಿ.ಮೀ. ಆಸುಪಾಸು. ಇಷ್ಟು ಸಣ್ಣ ದೂರದಲ್ಲಿ ಇಷ್ಟು ಇಳಿತ ಕಾಣುವ ಜಾಗಗಳು ಜಗತ್ತಿನಲ್ಲೇ ಹೆಚ್ಚಿಲ್ಲ.

ಈಗ ನಿಮ್ಮ ಊರಿನ ಜುಲೈಗೆ ಬರೋಣ. ಬಹಳ ಜನ ಈ ತಿಂಗಳನ್ನು ‘ಮಳೆ ಕೈಕೊಟ್ಟ ತಿಂಗಳು’ ಎಂದು ಬಿಟ್ಟುಬಿಡುತ್ತಾರೆ. ಆಕಾಶದಲ್ಲಿ ಆಗ ನಡೆಯುವ ಕೆಲಸ ದೊಡ್ಡದು. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವಾಗ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿ ವಿದ್ಯುತ್ ಯಂತ್ರಗಳನ್ನು ನೋಡಿರುತ್ತೀರಿ. ಜೋಗಿಮಟ್ಟಿಯ ಸುತ್ತಲಿನ ಗಾಳಿ ಹೆಸರುವಾಸಿ. ಈ ಯಂತ್ರಗಳು ಅತಿ ಹೆಚ್ಚು ವಿದ್ಯುತ್ ಕೊಡುವುದು ಮುಂಗಾರಿನ ನಡುತಿಂಗಳುಗಳಲ್ಲಿ, ಅಂದರೆ ಕೆಳಗಿನ ಹೊಲ ಮಳೆಗೆ ಕಾಯುತ್ತಿರುವಾಗಲೇ. ಹಳೆ ಮೈಸೂರು ಸೀಮೆಯ ಮಕ್ಕಳು ಗಾಳಿಪಟ ಬಿಡುವುದೂ ಆಷಾಢದಲ್ಲಿಯೇ. ಸರಿಸುಮಾರು ಅದೇ ದಿನಗಳು ತುಳುನಾಡಿನಲ್ಲಿ ಆಟಿ: ಹೊರಗೆ ಕಾಲಿಡಲಾಗದ ಮಳೆಯ, ಮನೆಯಲ್ಲಿ ಕೂಡಿಟ್ಟದ್ದನ್ನೇ ಉಣ್ಣಬೇಕಾದ ತಿಂಗಳು. ಕೆಳಗೆ ಆಟಿ, ಮೇಲೆ ಆಷಾಢದ ಗಾಳಿ. ಬೀಸುತ್ತಿರುವುದು ಒಂದೇ ಗಾಳಿ.

ಅದು ನಿಮ್ಮಲ್ಲಿ ಮಳೆಯಾಗದಿರುವುದಕ್ಕೆ ಕಾರಣ ಒಂದಲ್ಲ. ಘಟ್ಟ ದಾಟಿದ ಗಾಳಿ ಪ್ರಸ್ಥಭೂಮಿಯತ್ತ ಇಳಿಯುತ್ತದೆ. ಇಳಿಯುವ ಒಣಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ, ಬಿಸಿಯಾದಾಗ ಮೋಡ ಕರಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಳೆನೆರಳು. ಎರಡನೆಯದು, ಮೋಡ ಮುಸುಕಿರುವುದರಿಂದ, ಗಾಳಿಯೂ ಸದಾ ಬೀಸುತ್ತಿರುವುದರಿಂದ ನೆಲ ಕಾಯುವುದಿಲ್ಲ. ಕಾಯದ ನೆಲದಿಂದ ಗಾಳಿ ಮೇಲೆದ್ದು ದೊಡ್ಡ ಮೋಡ ಕಟ್ಟುವುದಿಲ್ಲ. ಮೂರನೆಯದು ನನಗೆ ಅತ್ಯಂತ ಕುತೂಹಲದ್ದು. ಜುಲೈ–ಆಗಸ್ಟಿನಲ್ಲಿ ನಮ್ಮ ತಲೆಯ ಮೇಲೆ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಇನ್ನೊಂದು ಬಿರುಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಓಡುತ್ತಿರುತ್ತದೆ. ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಇದನ್ನು ಲೋಕಕ್ಕೆ ತೋರಿಸಿಕೊಟ್ಟರು. ಕೆಳಗಿನ ಗಾಳಿ ಮೂಡಣಕ್ಕೆ, ಮೇಲಿನ ಗಾಳಿ ಪಡುವಣಕ್ಕೆ. ಗುಡುಗು ಮೋಡ ಬೆಳೆಯಬೇಕಾದರೆ ಹತ್ತು–ಹನ್ನೆರಡು ಕಿಲೋಮೀಟರ್ ನೆಟ್ಟಗೆ ನಿಲ್ಲಬೇಕು. ಬಿರುಗಾಳಿಯಲ್ಲಿ ಒಲೆಯ ಹೊಗೆ ಮೇಲೇಳದೆ ಅಡ್ಡಡ್ಡ ಹರಿದುಹೋಗುವಂತೆ, ಈ ಎದುರುಬದುರು ಗಾಳಿಗಳ ನಡುವೆ ಮೋಡ ತಲೆ ಎತ್ತಲಾರದು. ಹಾಗಾಗಿ ನೀವು ಕಾಣುವುದು ತಗ್ಗಿನಲ್ಲಿ ಓಡುವ ಬೂದುಮೋಡ, ಬಿದ್ದರೆ ಬಟ್ಟೆ ನೆನೆಯದಷ್ಟು ಸೋನೆ. ನಿಮ್ಮ ತಲೆಯ ಮೇಲೆ ನೀರಾವಿ ಇಲ್ಲವೆಂದಲ್ಲ, ಸಾಕಷ್ಟು ಇದೆ. ಅದನ್ನು ಎತ್ತುವವರಿಲ್ಲ.

ಆಗಸ್ಟ್ ಕೊನೆಗೆ ಗಾಳಿ ಸಡಿಲವಾಗುತ್ತದೆ. ಹಗಲು ಬಿಸಿಲು ಬೀಳಲು ಶುರುವಾಗುತ್ತದೆ, ನೆಲ ಕಾಯುತ್ತದೆ, ಗಾಳಿಯಲ್ಲಿ ತೇವ ಇನ್ನೂ ಉಳಿದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ದಿಗಂತದಲ್ಲಿ ಹತ್ತಿಯ ರಾಶಿಯಂತಹ ಬಿಳಿಮೋಡ, ಸಂಜೆಗೆ ಅದರ ಬುಡ ಕಪ್ಪು, ಕತ್ತಲಾಗುವಾಗ ಗುಡುಗು, ಮಿಂಚು, ಒಂದು ಗಂಟೆಯಲ್ಲಿ ಹೊಲದ ಬದು ಒಡೆಯುವ ಮಳೆ. ಪಕ್ಕದ ಊರಿಗೆ ಬಿದ್ದು ನಿಮ್ಮ ಊರಿಗೆ ಬೀಳದಿರುವ ಮಳೆಯೂ ಇದೇ, ಏಕೆಂದರೆ ಒಂದು ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್. ಅಕ್ಟೋಬರಿನಲ್ಲಿ ಇನ್ನೊಂದು ಮೂಲವೂ ಸೇರಿಕೊಳ್ಳುತ್ತದೆ. ಉತ್ತರ ಭಾರತದ ಮೇಲಿದ್ದ ಕಡಿಮೆ ಒತ್ತಡದ ಪಟ್ಟಿ ದಕ್ಷಿಣಕ್ಕೆ ಜಾರುತ್ತದೆ, ಗಾಳಿಯ ದಿಕ್ಕು ತಿರುಗುತ್ತದೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ತೇವವನ್ನು ಪೂರ್ವದಿಂದ ತರುತ್ತವೆ. ಆ ದಾರಿಯಲ್ಲಿ ನಿಮಗೆ ಪಶ್ಚಿಮ ಘಟ್ಟದಂಥ ಎತ್ತರದ ಅಡ್ಡಗೋಡೆ ಇಲ್ಲ. ಹೀಗೆ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ, ಪುನರ್ವಸು–ಪುಷ್ಯ ನಿಮ್ಮ ಮಗಳ ಊರಿನವು, ಉತ್ತರೆ–ಹಸ್ತ–ಚಿತ್ತೆ ನಿಮ್ಮವು.

ಒಂದು ಮಾತು ಸ್ಪಷ್ಟ ಮಾಡಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಕರಾವಳಿಗೆ ಮಳೆ ನಿಂತುಬಿಡುತ್ತದೆ ಎಂದು ಇದರ ಅರ್ಥವಲ್ಲ. ಅಲ್ಲಿಗೂ ಸಂಜೆಯ ಗುಡುಗು ಮಳೆ ಬರುತ್ತದೆ, ಅಳತೆಯಲ್ಲಿ ನಿಮಗಿಂತ ಹೆಚ್ಚೇ ಇರಬಹುದು. ಆದರೆ ಜೂನ್–ಜುಲೈನ ಮುಂದೆ ಅದು ಸಣ್ಣ ಪಾಲು. ನಿಮಗಾದರೆ ವರ್ಷದ ಬಾಳು ನಿಂತಿರುವುದೇ ಆ ಪಾಲಿನ ಮೇಲೆ.

ನೆಲದ ಕಾವಿನ ಮಳೆಗೆ ನಿಮ್ಮಲ್ಲಿ ಇನ್ನೊಂದು ಸರದಿಯೂ ಇದೆ, ಮುಂಗಾರಿಗೆ ಮೊದಲು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ, ಕೆಲವೊಮ್ಮೆ ಆಲಿಕಲ್ಲಿನ ಜೊತೆ. ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಎನ್ನುವ ಮಾತು ಆ ಮಳೆಯ ಬಗ್ಗೆ. ಬೆಂಗಳೂರಿನಲ್ಲಿ ಮೇ ತಿಂಗಳ ಮಳೆ 100 ಮಿ.ಮೀ. ದಾಟುತ್ತದೆ, ಜೂನ್ ಬಂದಾಗ ಏರುವ ಬದಲು ಅಲ್ಲೇ ನಿಲ್ಲುತ್ತದೆ ಇಲ್ಲವೇ ಇಳಿಯುತ್ತದೆ. ಇದನ್ನು ಕಂಡು ‘ಮುಂಗಾರು ಬಂದಮೇಲೆ ಮಳೆ ಕಡಿಮೆಯಾಯಿತಲ್ಲ’ ಎಂದು ಬೆರಗಾಗುವವರಿದ್ದಾರೆ. ಕಾವಿನ ಮಳೆಯನ್ನು ಗಾಳಿ ಬಂದು ಮುಚ್ಚಿತು, ಅಷ್ಟೆ. ಮುಂಗಾರಿನ ನಡುವೆ ಕೆಲವು ದಿನ ಗಾಳಿ ಬಲ ಕಳೆದುಕೊಂಡು ‘ಬಿಡುವು’ ಬಂದಾಗಲೂ ಇದರ ತಿರುವುಮುರುವು ಕಾಣುತ್ತದೆ. ಮಧ್ಯ ಭಾರತ ಒಣಗುತ್ತದೆ, ಪಡುವಣ ಕರಾವಳಿಯ ಮಳೆ ತಗ್ಗುತ್ತದೆ, ತಮಿಳುನಾಡಿನ ಒಳಭಾಗದಲ್ಲಿ ಸಂಜೆ ಗುಡುಗು ಕೇಳುತ್ತದೆ.

ರೈತರು ಇದನ್ನೆಲ್ಲ ತಮ್ಮ ಬಿತ್ತನೆಯಲ್ಲಿ ಬರೆದಿಟ್ಟಿದ್ದಾರೆ. ಚಳ್ಳಕೆರೆಯ ಶೇಂಗಾ ಜೂನ್–ಜುಲೈನಲ್ಲಿ ನೆಲ ಸೇರಿ, ಹೂವು–ಕಾಯಿ ಕಟ್ಟುವ ಹೊತ್ತಿಗೆ ಆಗಸ್ಟ್–ಸೆಪ್ಟೆಂಬರಿನ ಮಳೆಯನ್ನು ನೆಚ್ಚುತ್ತದೆ. ವಿಜಯಪುರ, ಗದಗದ ಎರೆಭೂಮಿಯಲ್ಲಿ ಮುಂಗಾರಿನಲ್ಲಿ ಹೊಲವನ್ನು ಖಾಲಿ ಬಿಟ್ಟು, ಸೆಪ್ಟೆಂಬರ್ ಮಳೆಯನ್ನು ಕರಿಮಣ್ಣಿಗೆ ಕುಡಿಸಿ, ಬಿಳಿಜೋಳ, ಕಡಲೆ, ಕುಸುಬೆ ಬಿತ್ತುವ ಪದ್ಧತಿ ಇದೆ. ಹಿಂಗಾರಿ ಎಂದರೆ ಅಲ್ಲಿ ಎರಡನೆಯ ದರ್ಜೆಯ ಬೆಳೆಯಲ್ಲ, ಅದೇ ಮುಖ್ಯ. ಕರಾವಳಿಯಲ್ಲಿ ಲೆಕ್ಕ ಬೇರೆ: ಮಳೆಗಾಲದ ಏಣೆಲು ಭತ್ತ ಮೊದಲು, ಸುಗ್ಗಿ, ಕೊಳಕೆ ಆಮೇಲೆ ನೀರಿದ್ದರೆ ಮಾತ್ರ. ಅಡಿಕೆಯವರಿಗೆ ಮಳೆ ಬರುವುದೋ ಇಲ್ಲವೋ ಎಂಬ ಚಿಂತೆಯಿಲ್ಲ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಒಂದು ದಿನ ಹೊಳವಾಗುತ್ತದೆಯೇ ಎಂಬ ಚಿಂತೆ. ಆದರೂ ಅಷ್ಟೊಂದು ಮಳೆಯ ಕರಾವಳಿಯಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಬಾವಿ ತಳ ಕಾಣುತ್ತದೆ, ಮಂಗಳೂರು ನೇತ್ರಾವತಿಯ ತುಂಬೆ ಕಿಂಡಿ ಅಣೆಕಟ್ಟಿನ ನೀರಿನ ಮಟ್ಟವನ್ನು ದಿನವೂ ನೋಡುತ್ತದೆ. ವರ್ಷದ ಮಳೆಯೆಲ್ಲ ನಾಲ್ಕೇ ತಿಂಗಳಿನಲ್ಲಿ ಬಿದ್ದು ಕಡಲಿಗೆ ಹರಿದುಹೋದರೆ 3,500 ಮಿ.ಮೀ. ಕೂಡ ಸಾಲದು. ಎಷ್ಟು ಬಿತ್ತು ಎನ್ನುವುದಕ್ಕಿಂತ ಯಾವಾಗ ಬಿತ್ತು ಎನ್ನುವುದನ್ನು ನಾವು ಇನ್ನಷ್ಟು ಗಮನಿಸಬೇಕು ಎಂದು ನನಗೆ ಬಲವಾಗಿ ಅನ್ನಿಸುವುದು ಇದಕ್ಕೇ.

ಇನ್ನು ಬೇರೆ ದೇಶಗಳ ಮಾತು. ನಿಮ್ಮ ಮಾತಿಗೆ ತೀರ ಹತ್ತಿರದ ಜೋಡಿ ನಾರ್ವೆಯಲ್ಲಿದೆ. ಅಲ್ಲಿಯೂ ಪಡುವಣ ಗಾಳಿ, ಪಡುವಣ ಕಡಲು, ನಡುವೆ ಬೆಟ್ಟಸಾಲು. ಕಡಲಂಚಿನ ಬರ್ಗನ್ ಊರಿಗೆ ವರ್ಷಕ್ಕೆ 2,200 ಮಿ.ಮೀ. ಮೀರಿದ ಮಳೆ, ಬೆಟ್ಟದಾಚೆಯ ಓಸ್ಲೋಗೆ 800ರ ಆಸುಪಾಸು. ಬರ್ಗನ್‌ನಲ್ಲಿ ಹೆಚ್ಚು ಮಳೆ ಸೆಪ್ಟೆಂಬರಿನಿಂದ ಜನವರಿಯವರೆಗೆ, ಮೇ ತಿಂಗಳು ಒಣ. ಓಸ್ಲೋದಲ್ಲಿ ಫೆಬ್ರವರಿ ಒಣ, ಮಳೆ ಹೆಚ್ಚುವುದು ಜುಲೈನಿಂದ. ಅಟ್ಲಾಂಟಿಕ್ ಮೇಲಿನ ಗಾಳಿ ಮತ್ತು ಚಂಡಮಾರುತಗಳು ಜೋರಾಗುವುದು ಶರತ್ಕಾಲ ಮತ್ತು ಚಳಿಗಾಲದಲ್ಲಿ. ಆಗ ಬರ್ಗನ್ ನೆನೆಯುತ್ತದೆ. ನೆಲ ಕಾಯುವುದು ಬೇಸಿಗೆಯಲ್ಲಿ, ಆಗ ಓಸ್ಲೋದ ಸರದಿ. ತಿಂಗಳುಗಳು ನಮ್ಮವಲ್ಲ, ಕಟ್ಟು ನಮ್ಮದೇ.

ಸಮಶೀತೋಷ್ಣ ವಲಯದಲ್ಲಿ ಕಡಲಿನ ಇನ್ನೊಂದು ಗುಣ ಎದ್ದು ಕಾಣುತ್ತದೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಕಾಯಿಸಲು ಅಷ್ಟೇ ಒಣಮಣ್ಣಿಗೆ ಬೇಕಾದುದರ ನಾಲ್ಕೈದು ಪಟ್ಟು ಶಾಖ ಬೇಕು, ಜೊತೆಗೆ ಅಲೆಗಳು ಆ ಶಾಖವನ್ನು ಹತ್ತಾರು ಮೀಟರ್ ಆಳಕ್ಕೆ ಕದಡುತ್ತವೆ. ಹಾಗಾಗಿ ಕಡಲು ತಡವಾಗಿ ಕಾಯುತ್ತದೆ, ತಡವಾಗಿ ಆರುತ್ತದೆ. ಬೇಸಿಗೆಯ ಶಾಖವನ್ನು ಚಳಿಗಾಲಕ್ಕೂ ಉಳಿಸಿಕೊಂಡು, ತಣ್ಣನೆಯ ಗಾಳಿಗೆ ನೀರಾವಿ ಊಡುತ್ತಲೇ ಇರುತ್ತದೆ. ಐರ್ಲೆಂಡಿನ ಪಡುವಣ ಕರೆಯಲ್ಲಿ ಒಣ ತಿಂಗಳೆಂಬುದೇ ಇಲ್ಲ. ಕಡಲಿನಿಂದ ಬಹುದೂರದ ಮಾಸ್ಕೋದಲ್ಲಿ ಹೆಚ್ಚು ಮಳೆ ಜುಲೈನಲ್ಲಿ. ಮಂಗೋಲಿಯಾದ ಉಲಾನ್‌ಬಾಟರ್ ತೀರ ಕೊನೆಯ ಉದಾಹರಣೆ: ವರ್ಷಕ್ಕೆ ಬೀಳುವುದೇ 300 ಮಿ.ಮೀ.ಗಿಂತ ಕಡಿಮೆ, ಅದರ ಸುಮಾರು ಮುಕ್ಕಾಲು ಪಾಲು ಬೇಸಿಗೆಯ ಮೂರು ತಿಂಗಳಲ್ಲಿ. ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಗಾಳಿ ಒಂದು ಘನ ಮೀಟರಿಗೆ ಒಂದು ಗ್ರಾಂ ಆಸುಪಾಸು ನೀರಾವಿ ಮಾತ್ರ ಹಿಡಿಯಬಲ್ಲದು. ಇಲ್ಲದ್ದು ಬೀಳುವುದಾದರೂ ಹೇಗೆ?

ಆದರೆ ‘ಕರಾವಳಿ’ ಎಂಬ ಒಂದೇ ಪದವನ್ನು ನೆಚ್ಚಿಕೊಂಡರೆ ದಾರಿ ತಪ್ಪುತ್ತೇವೆ. ಚೆನ್ನೈ ಕಡಲ ಮೇಲೆಯೇ ಇದೆ, ಆದರೂ ಜುಲೈನಲ್ಲಿ ಅದಕ್ಕೆ ಮಂಗಳೂರಿನ ಮಳೆ ಇಲ್ಲ. ಆಗ ಗಾಳಿ ಅಲ್ಲಿ ನೆಲದಿಂದ ಕಡಲಿಗೆ ಬೀಸುತ್ತಿರುತ್ತದೆ. ಗಾಳಿ ತಿರುಗಿ ಕಡಲಿಂದ ನೆಲಕ್ಕೆ ಬರುವ ಅಕ್ಟೋಬರ್–ಡಿಸೆಂಬರಿನಲ್ಲಿ ಅದರ ಮಳೆಗಾಲ, ನವೆಂಬರ್ ಅತಿ ಹೆಚ್ಚು. ಇತ್ತ ನಾಗಪುರ ಕಡಲಿಗೆ ಬಹುದೂರ, ಆದರೂ ಅದಕ್ಕೆ ಜುಲೈನಲ್ಲೇ ಹೆಚ್ಚು ಮಳೆ, ಏಕೆಂದರೆ ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ಮುಂಗಾರಿನ ವಾಯುಭಾರ ಕುಸಿತಗಳು ಆ ದಾರಿಯಲ್ಲೇ ಸಾಗುತ್ತವೆ. ಕಡಲು ಎಷ್ಟು ದೂರ ಎಂದಷ್ಟೇ ಕೇಳಿದರೆ ಸಾಲದು. ಗಾಳಿ ಯಾವ ತಿಂಗಳು ಯಾವ ಕಡೆಯಿಂದ ಬರುತ್ತದೆ, ಅದನ್ನು ಮೇಲಕ್ಕೆತ್ತುವುದು ಬೆಟ್ಟವೋ ಬಿಸಿಲೋ ಎಂದೂ ಕೇಳಬೇಕು.

ನಿಮ್ಮ ತಾಲ್ಲೂಕಿನವರು ಎರಡೂ ಮಳೆಯ ಫಲ ಕಂಡವರು. ವಾಣಿವಿಲಾಸ ಸಾಗರಕ್ಕೆ ನೀರು ತರುವ ವೇದಾವತಿ ಹುಟ್ಟುವುದು ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ, ಪಡುವಣ ಗಾಳಿ ತಾಗುವ ಜಾಗದಲ್ಲಿ. ಕೆಳಗೆ ಬಂದಂತೆ ಅದಕ್ಕೆ ನೀರು ಕೊಡಬೇಕಾದದ್ದು ಕಾವಿನ ಮಳೆ. ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರಿನವರೆಗೆ, 89 ವರ್ಷ, ಕಾಯಬೇಕಾಯಿತು. ಭದ್ರಾ ಮೇಲ್ದಂಡೆಯ ನೀರು ಅದಾಗಲೇ ಸೇರಿತ್ತು ನಿಜ, ಆದರೆ ಆ ವರ್ಷ ಬಯಲುಸೀಮೆಯಲ್ಲಿ ಸುರಿದ ಮಳೆಯನ್ನು ನೀವೇ ಕಂಡಿದ್ದೀರಿ.

ಕೊನೆಗೆ ಹವಾಮಾನ ಮುನ್ಸೂಚನೆಯನ್ನು ಓದುವ ಬಗ್ಗೆ. ಭಾರತೀಯ ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಭಾಗ ಮಾಡಿ ಮಳೆಯ ಲೆಕ್ಕ ಇಡುತ್ತದೆ. ಜುಲೈ ಮಧ್ಯದಲ್ಲಿ ‘ರಾಜ್ಯದಲ್ಲಿ ವಾಡಿಕೆಗಿಂತ ಹೆಚ್ಚು ಮಳೆ’ ಎಂಬ ತಲೆಬರಹ ಕಂಡರೆ ನಿಮ್ಮ ಭಾಗದ ಅಂಕಿಯನ್ನು ಬೇರೆಯಾಗಿ ನೋಡಿ. ಇಲಾಖೆ ಜುಲೈ ಕೊನೆಯ ಹೊತ್ತಿಗೆ ಆಗಸ್ಟ್–ಸೆಪ್ಟೆಂಬರಿನ ಮುನ್ಸೂಚನೆಯನ್ನೂ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ದಕ್ಷಿಣ ಭಾರತದ ಅಕ್ಟೋಬರ್–ಡಿಸೆಂಬರ್ ಮುನ್ಸೂಚನೆಯನ್ನೂ ಪ್ರಕಟಿಸುತ್ತದೆ. ಏಪ್ರಿಲ್‌ನಲ್ಲಿ ಬರುವ, ಪತ್ರಿಕೆಗಳ ಮುಖಪುಟದಲ್ಲಿ ಕಾಣುವ ಮುಂಗಾರಿನ ಮುನ್ಸೂಚನೆಗಿಂತ ನಿಮಗೆ ಇವೆರಡು ಹೆಚ್ಚು ಉಪಯೋಗ. ಎಲ್ ನಿನೊ ವರ್ಷವೆಂದರೆ ಎಲ್ಲರೂ ಬರಗಾಲದ ಮಾತಾಡುತ್ತಾರೆ. ಶಾಂತ ಸಾಗರದ ನೀರು ಬಿಸಿಯೇರುವ ಆ ವರ್ಷಗಳಲ್ಲಿ ಜೂನ್–ಸೆಪ್ಟೆಂಬರಿನ ಮುಂಗಾರು ಸೊರಗುವುದು ಹೆಚ್ಚು, ನಿಜ. ಆದರೆ ಅದೇ ಎಲ್ ನಿನೊ ದಕ್ಷಿಣ ಭಾರತದ ಹಿಂಗಾರನ್ನು ಬಲಪಡಿಸುವುದೂ ಹೆಚ್ಚು. ಆದ್ದರಿಂದ ಅಂಥ ವರ್ಷ ಆಷಾಢ ಒಣಗಿ ಹೋದರೂ ಸೆಪ್ಟೆಂಬರ್ ಕೊನೆಯ ಮುನ್ಸೂಚನೆ ನೋಡದೆ ಹಿಂಗಾರಿ ಬೀಜವನ್ನು ಮಾರಬೇಡಿ.